ಕೋಂ ಎಂಬ ಖಾನೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಾಗಮಂಗಲದ ಬಸ್‌ಸ್ಟ್ಯಾಂಡ್ ಸುತ್ತಮುತ್ತ ಎಲ್ಲರಿಗೂ ಗೊತ್ತು. ಅರ್ಧಂಬರ್ಧ ಜೆರಾಕ್ಸ್ ಹಿಡಿದು ಅರ್ಜಿ ಹಾಕಿಸಲು ಬಂದವರನ್ನು ನಾನು ಬಾಗಿಲಲ್ಲೇ ಬೈದು ವಾಪಸ್ ಕಳಿಸುತ್ತೇನೆ. "ಜೀನತಕ್ಕನ ಅಂಗಡಿಗಾ? ಎಲ್ಲಾ ಕಾಗ್ದಾನೂ ಇಟ್ಕಂಡು ಓಗ್ರಪ್ಪ, ಇಲ್ದಿದ್ರೆ ಗ್ರಾಚಾರ ಬುಡುಸ್ತಾಳೆ" ಎಂದು ತಾಲೂಕು ಕಚೇರಿಯ ಮುಂದೆ ಜನ ಮಾತಾಡಿಕೊಳ್ಳುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಕೇಳಿ ಬೇಜಾರೇನೂ ಆಗಲಿಲ್ಲ. ಒಂದು ಖಾನೆ ಖಾಲಿ ಬಿಟ್ಟರೂ ಅರ್ಜಿ ತಿರುಗಿ ಬರುತ್ತದೆ, ಇನ್ನೊಂದು ಸಲ ಬಸ್ಸು ಹತ್ತುವವರು ಅವರೇ. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದ ಮೇಲೆ ಖಾಲಿ ಖಾನೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಾನೀಗ ಹೇಳಹೊರಟಿರುವುದು ಒಂದು ಖಾನೆಯ ವಿಷಯವೇ. ನಮ್ಮ ಹಳೇ ಮೈಸೂರು ಕಡೆಯ ಕಾಗದಪತ್ರದಲ್ಲಿ ಗಂಡಸಿನ ಹೆಸರಾದ ಮೇಲೆ 'ಬಿನ್' ಅಂತ ಬರೆದು ಅಪ್ಪನ ಹೆಸರು ಬರೆಯುತ್ತಾರೆ. ಮದುವೆಯಾದ ಹೆಂಗಸಾದರೆ 'ಕೋಂ' ಅಂತ ಬರೆದು ಗಂಡನ ಹೆಸರು. ಹಿಂದೂಗಳಿಗಾಗಲಿ ನಮ್ಮವರಿಗಾಗಲಿ ಒಂದೇ ಪದ್ಧತಿ. ಪಹಣಿ, ಪಡಿತರ, ಪಿಂಚಣಿ, ಯಾವುದೇ ಇರಲಿ, ಕೋಂ ಇಲ್ಲದೆ ಹೆಂಗಸಿನ ಹೆಸರು ಪೂರ್ತಿಯಾಗುವುದಿಲ್ಲ. ಗಂಡ ತೀರಿಹೋಗಿದ್ದರೆ 'ಕೋಂ ಲೇಟ್' ಎಂದು ಬರೆಯಬೇಕು.

ನನ್ನ ಗಂಡ ರಿಹಾನ್ ಕೊರೋನಾದ ಎರಡನೇ ಅಲೆಯಲ್ಲಿ ಹೋದ. ಆಮೇಲೆ ಬ್ಯಾಂಕು, ಅಂಗಡಿ ಲೈಸೆನ್ಸು, ಕರೆಂಟು ಮೀಟರು, ಎಲ್ಲದಕ್ಕೂ ನಾನೇ ಕೂತು 'ಜೀನತ್ ಕೋಂ ಲೇಟ್ ರಿಹಾನ್' ಎಂದು ಟೈಪ್ ಮಾಡಿದೆ. ಎಷ್ಟು ಸಲ ಮಾಡಿದೆನೋ ಆ ಅಲ್ಲಾಹನಿಗೇ ಗೊತ್ತು. ಒಂದೇ ಒಂದು ಕಡೆ 'ಲೇಟ್' ಹಾಕಲಿಲ್ಲ. ಅದು ನಮ್ಮ ಅಂಗಡಿಯ ವೆಬ್ ಪುಟ. ಅಂಗಡಿಗೊಂದು ಪುಟ ಬೇಕೆಂದು ರಿಹಾನ್ ಯೂಟ್ಯೂಬ್ ನೋಡಿ ನೋಡಿ ಅರ್ಧ ಮಾಡಿಟ್ಟಿದ್ದ. ಅವನು ಬಿಟ್ಟ ಕಡೆಯಿಂದ ಹಿಡಿದು ನಾನು ಕಲಿತು ಮುಗಿಸಿದೆ. ಅದರಲ್ಲಿ 'ಜೀನತ್ ಕೋಂ ರಿಹಾನ್' ಎಂದಷ್ಟೇ ಬರೆದೆ. ಅಲ್ಲಿ ನನ್ನನ್ನು ಕೇಳುವ ಗುಮಾಸ್ತ ಯಾರೂ ಇರಲಿಲ್ಲ.

ಅದನ್ನು ಮಾಡಿದ್ದು ಸ್ಟ್ಯಾಟಿಕ್ ಸೈಟ್ ಜನರೇಟರ್ ಎನ್ನುವುದರಲ್ಲಿ. ಹೆಸರು ಕೇಳಿ ಹೆದರಬೇಡಿ. ಚಕ್ಕುಲಿ ಒರಳು ನೋಡಿದ್ದೀರಲ್ಲ, ಹಿಟ್ಟು ಬೇರೆ, ತಳಕ್ಕೆ ಹಾಕುವ ಬಿಲ್ಲೆ ಬೇರೆ. ಹೆಸರು, ಊರು, ಮಾರುವ ಪದಾರ್ಥ, ಫೋನ್ ನಂಬರು ಇವನ್ನೆಲ್ಲ ಸಣ್ಣ ಸಣ್ಣ ಫೈಲಿನಲ್ಲಿ ಬರೆದಿಟ್ಟರೆ ಅದು ಹಿಟ್ಟು. ಫೋಟೋ ಎಲ್ಲಿ ಬರಬೇಕು, ಹೆಸರು ಎಷ್ಟು ದಪ್ಪ ಕಾಣಬೇಕು, ಯಾವ ಸಾಲಿನ ಕೆಳಗೆ ಯಾವ ಸಾಲು ಎನ್ನುವುದೆಲ್ಲ ಬಿಲ್ಲೆ. ಅದಕ್ಕೆ ಥೀಮ್ ಎನ್ನುತ್ತಾರೆ. ಒಂದು ಕಮಾಂಡ್ ಕೊಟ್ಟರೆ ಎಲ್ಲ ಪುಟಗಳೂ ಒಟ್ಟಿಗೆ ತಯಾರಾಗುತ್ತವೆ. ಒಂದು ಕಡ್ಡಿ ಸಿಗ್ನಲ್ ಇರುವ ಊರಿನಲ್ಲೂ ಆ ಪುಟ ಪಟ್ಟಂತ ತೆರೆದುಕೊಳ್ಳುತ್ತದೆ.

ನಮ್ಮ ಪುಟವನ್ನು ನೋಡಿಯೇ ಹೆಂಗಸರ ಒಕ್ಕೂಟದವರು ಬಂದಿದ್ದು. ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ, ಮೂರು ತಾಲೂಕು ಸೇರಿ ನಲವತ್ತಮೂರು ಜನ. ಒಬ್ಬರು ಹಪ್ಪಳ ಮಾಡುತ್ತಾರೆ, ಒಬ್ಬರು ಬಿದಿರಿನ ಮಕ್ಕರಿ ಹೆಣೆಯುತ್ತಾರೆ, ಒಬ್ಬರು ಹೊಲಿಗೆ. ಅಧ್ಯಕ್ಷೆ ಕ್ಯಾತನಹಳ್ಳಿಯ ಪುಟ್ಟಲಕ್ಷ್ಮಮ್ಮ, ಬೆಲ್ಲದ ಪುಡಿ ಮಾಡಿ ಮಾರುವವರು. ಪ್ರತಿಯೊಬ್ಬರಿಗೂ ಒಂದೊಂದು ಪುಟ ಬೇಕು, ಎಲ್ಲವೂ ಒಂದೇ ಥರ ಕಾಣಬೇಕು ಎಂದರು. ಶ್ರೀರಂಗಪಟ್ಟಣದ ಒಂದು ಸಂಘದವರು ಆಗಲೇ "ನಿಮ್ಮದು ಮುಗಿದ ಮೇಲೆ ಆ ಥೀಮ್ ನಮಗೂ ಕೊಡಿ, ನಮ್ಮ ಹೆಸರು ತುಂಬಿಕೊಳ್ಳುತ್ತೇವೆ" ಎಂದು ಕೇಳಿಟ್ಟರು. ನಾನು ಉಬ್ಬಿಹೋದೆ. ರಿಹಾನ್ ಅರ್ಧಕ್ಕೆ ಬಿಟ್ಟ ಪುಟ ನಾಲ್ಕು ತಾಲೂಕಿಗೆ ಆಗುತ್ತದೆ ಎಂದರೆ ಸುಮ್ಮನೆ ಮಾತಾ?

ಒಬ್ಬರ ಪುಟವನ್ನು ಎಲ್ಲರಿಗೂ ಆಗುವ ಥೀಮ್ ಮಾಡುವುದರಲ್ಲಿ ನಿಜವಾದ ಕಷ್ಟ ಇರುವುದು ಕೋಡ್ ಬರೆಯುವುದರಲ್ಲಲ್ಲ. ನಮ್ಮದು ಅಂತ ಎಲ್ಲೆಲ್ಲಿ ಉಳಿದುಕೊಂಡಿದೆ ಎಂದು ಹುಡುಕಿ ತೆಗೆಯುವುದರಲ್ಲಿ. ಅಂಗಡಿಯ ಹಸಿರು ಬಣ್ಣ ತೆಗೆದೆ. ಅಂಗಡಿಯ ಮುಂದಿನ ಫೋಟೋ ತೆಗೆದೆ. ಆದರೂ ಮೊದಲ ಸಲ ಪುಟ ತಯಾರಿಸಿ ಕಳಿಸಿದಾಗ ಪುಟ್ಟಲಕ್ಷ್ಮಮ್ಮ ಫೋನ್ ಮಾಡಿದರು.

"ಏನಮ್ಮಿ ಜೀನತ್ತು, ನಮ್ಮ ಬೆಲ್ಲಕ್ಕೆ ಸುಕ್ರವಾರ ಮದ್ಯಾನ ರಜಾ ಅಂತ ಆಕಿದ್ದೀಯಲ್ಲ? ಸುಕ್ರವಾರವೇ ಕಣಮ್ಮಿ ನಮ್ಗೆ ಯಾಪಾರ!"

ನಮಾಜಿನ ಹೊತ್ತಿಗೆ ನಾವು ಅಂಗಡಿಯ ಬಾಗಿಲು ಹಾಕುತ್ತಿದ್ದೆವು, ಆ ಸಾಲು ಥೀಮಿನೊಳಗೇ ಕೂತುಬಿಟ್ಟಿತ್ತು. ನಲವತ್ತಮೂರು ಮನೆಗೂ ಶುಕ್ರವಾರ ಮಧ್ಯಾಹ್ನ ರಜೆ ಕೊಟ್ಟುಬಿಟ್ಟಿದ್ದೆ! ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅವತ್ತೇ ಆ ಸಾಲು ತೆಗೆದುಹಾಕಿ, ಇನ್ನು ನಮ್ಮದು ಎನ್ನುವುದು ಏನೂ ಉಳಿದಿಲ್ಲ ಎಂದುಕೊಂಡೆ.

ಹೆಸರಿನ ಕೆಳಗಿನ ಕೋಂ ಸಾಲು ಮಾತ್ರ ನಮ್ಮದು ಎಂದು ನನ್ನ ಕಣ್ಣಿಗೆ ಬೀಳಲಿಲ್ಲ. ಅದು ಎಲ್ಲ ಕಾಗದದಲ್ಲೂ ಇರುವಂಥದ್ದೇ ತಾನೆ? ಬೀಳದಿದ್ದುದಷ್ಟೇ ಅಲ್ಲ, ಅದನ್ನು ಕಡ್ಡಾಯ ಮಾಡಿದೆ. ಒಬ್ಬರ ಫೈಲಿನಲ್ಲಿ ಆ ಖಾನೆ ಖಾಲಿ ಇದ್ದರೂ ಕೆಂಪಕ್ಷರದಲ್ಲಿ ತಪ್ಪು ತೋರಿಸಿ ಇಡೀ ಸೈಟು ನಿಂತುಬಿಡುವ ಹಾಗೆ ನಾನೇ ಬರೆದೆ. ನನ್ನ ಬುದ್ಧಿಯೇ ಅಂಥದ್ದು.

ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ ಗಂಡನ ಹೆಸರು ಕೇಳಲು ಕೂತೆ. ವಯಸ್ಸಾದ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ ಎನ್ನುವುದು ನೆನಪಾದದ್ದೇ ಆಗ. ಒಬ್ಬಾಕೆ ಮೊಮ್ಮಗಳ ಕೈಗೆ ಫೋನ್ ಕೊಟ್ಟರು. ಇನ್ನೊಬ್ಬಾಕೆ ಪಕ್ಕದ ಮನೆಯವಳನ್ನು ಕೂಗಿ ಕರೆದರು. ಪುಟ್ಟಲಕ್ಷ್ಮಮ್ಮನಿಗೆ ಹತ್ತಿರದಲ್ಲಿ ಯಾರೂ ಸಿಗಲಿಲ್ಲ.

"ಮೇಲ್ಕೋಟೆ ದೇವ್ರ ಎಸ್ರು ಏನಮ್ಮಿ? ಅದೇ ಅನ್ಕೊ."

"ನಾರಾಯಣಪ್ಪಾನಾ?"

"ಅಯ್, ಅಲ್ಲ ಕಣಮ್ಮಿ. ಅದ್ರ ಮುಂದ್ಲುದ್ದು."

"ಚೆಲುವಯ್ಯ!"

"ಊಂ, ಬರ್ಕೊ ಬರ್ಕೊ" ಎಂದು ಆಕೆ ಹೊಸ ಮದುವಣಗಿತ್ತಿಯ ಹಾಗೆ ನಾಚಿಕೊಂಡು ಫೋನ್ ಇಟ್ಟರು.

ನಲವತ್ತೆರಡು ಖಾನೆ ತುಂಬಿತು. ಉಳಿದಿದ್ದು ಒಂದು, ದೇವಲಾಪುರದ ಅನಿತಳದ್ದು. ಮೂವತ್ತು ದಾಟಿರದ ಹೆಣ್ಣು, ಮದುವೆ ಮನೆಗಳಿಗೆ ಒಬ್ಬಟ್ಟು, ಕಜ್ಜಾಯ ಮಾಡಿಕೊಡುತ್ತಿದ್ದಳು. ಅವಳ ಕಜ್ಜಾಯ ತಿಂದವರು ಬೇರೆಯವರ ಕಜ್ಜಾಯವನ್ನು ಕೈಯಲ್ಲಿ ಮುಟ್ಟುವುದಿಲ್ಲ, ಅಂಥ ಕೈಗುಣ. ಫೋನ್ ಮಾಡಿದಾಗ "ಅದೊಂದು ಬುಟ್ಬುಡಿ ಅಕ್ಕ" ಎಂದಳು. "ಬಿಟ್ಟರೆ ಯಾರ ಪುಟವೂ ಬರುವುದಿಲ್ಲ ಕಣೇ" ಎಂದೆ. "ಆಮೇಕೆ ಮಾಡ್ತೀನಿ" ಎಂದು ಇಟ್ಟಳು, ಮಾಡಲಿಲ್ಲ. ಪುಟಗಳನ್ನು ಕೊಡಬೇಕಾದ ದಿನ ಬಂತು. ಕಂಪ್ಯೂಟರಿನಲ್ಲಿ ಒಂದು ಕೆಂಪು ಸಾಲು, ಅನಿತ, ಕೋಂ ಖಾಲಿ. ನನಗೆ ರೇಗಿಹೋಯಿತು. ಒಕ್ಕೂಟಕ್ಕೆ ಸೇರುವಾಗ ಅವಳು ಕೊಟ್ಟಿದ್ದ ಆಧಾರ್ ಜೆರಾಕ್ಸು ಅಂಗಡಿಯಲ್ಲೇ ಇತ್ತು. ನೋಡಿದೆ, ಗಂಡ ಅಶೋಕ್ ಎಂದಿತ್ತು. ತುಂಬಿದೆ. ಕೆಂಪು ಸಾಲು ಹೋಯಿತು, ಎರಡೇ ಸೆಕೆಂಡಿನಲ್ಲಿ ನಲವತ್ತಮೂರು ಪುಟವೂ ತಯಾರಾಯಿತು.

ಎರಡು ತಿಂಗಳು ನಾನು ನೆಲದ ಮೇಲೆ ನಡೆಯಲಿಲ್ಲ. ಎಲ್ಲರಿಗಿಂತ ಹೆಚ್ಚು ಜನ ತೆರೆದು ನೋಡಿದ್ದು ಅನಿತಳ ಪುಟವನ್ನೇ. ಕಿಕ್ಕೇರಿಯ ಅಡುಗೆ ಕಂಟ್ರಾಕ್ಟರ್ ತಿಮ್ಮರಾಜು ಪುಟ ನೋಡಿ ಅವಳಿಗೆ ಫೋನ್ ಮಾಡಿದನಂತೆ. ಸುತ್ತಲಿನ ಛತ್ರಗಳ ಮದುವೆ ಊಟವೆಲ್ಲ ಅವನದೇ. ಈ ಲಗ್ನದ ಕಾಲಕ್ಕೆ ಪೂರ್ತಿ ಸಿಹಿ ಅವಳಿಂದಲೇ ತೆಗೆದುಕೊಳ್ಳುವ ಯೋಚನೆ ಇದೆ, ಬಂದು ಮಾತಾಡು ಎಂದಿದ್ದನಂತೆ. "ಅದೊಂದು ಸಿಕ್ಬುಟ್ರೆ ಇಬ್ರನ್ನ ಕೆಲ್ಸಕ್ಕೆ ಇಟ್ಕತೀನಿ ಅಕ್ಕ" ಎಂದು ಅನಿತ ನನಗೆ ಹೇಳಿದ್ದಳು. ಅವಳ ದನಿಯಲ್ಲಿ ಅಷ್ಟು ಖುಷಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಅದಾಗಿ ಒಂದು ವಾರಕ್ಕೆ, ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ, ಅವಳೇ ಬಂದಳು. ಕೂತುಕೋ ಎಂದರೆ ಕೂರಲಿಲ್ಲ. ಫೋನಿನಲ್ಲಿ ತನ್ನ ಪುಟ ತೆರೆದು ನನ್ನ ಮುಂದೆ ಹಿಡಿದಳು.

"ಈ ಎಸ್ರು ಯಾರು ಆಕಿದ್ದು ಅಕ್ಕ?"

"ನಾನೇ. ಯಾಕೆ?"

"ಬುಟ್ಬುಡಿ ಅಂದಿದ್ನಲ್ಲ ನಾನು."

ಹೇಳುತ್ತಾ ಹೋದಳು. ಅಶೋಕ ಕೆ.ಆರ್. ಪೇಟೆಗೆ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿ ಆರು ವರ್ಷವಾಗಿತ್ತು. ಆರು ವರ್ಷದಲ್ಲಿ ಒಂದು ದಿನ ಇತ್ತ ತಲೆ ಹಾಕಿರಲಿಲ್ಲ. ಅನಿತ ಪಕ್ಕದ ಮನೆಯ ನಾಮಕರಣಕ್ಕೆ ಮಾಡಿಕೊಟ್ಟ ಕಜ್ಜಾಯದಿಂದ ಶುರುಮಾಡಿ, ಒಂದೊಂದೇ ಮನೆ ಹಿಡಿದು, ಇಷ್ಟು ದೂರ ಬಂದಿದ್ದಳು.

"ಮೊನ್ನೆ ಬೆಳಗ್ಗೆ ಬಂದು ಜಗ್ಲಿ ಮ್ಯಾಲೆ ಕೂತವ್ನೆ ಅಕ್ಕ. ಯಾರೋ ಫೋನಲ್ಲಿ ತೋರ್ಸುದ್ರಂತೆ. 'ನೋಡಮ್ಮಿ, ಇಂಟರ್ನೆಟ್ಟಲ್ಲೇ ನನ್ನೆಸ್ರು ಅದೆ, ಇದು ಇಬ್ರುದೂ' ಅಂತಾನೆ. ನಮ್ಮನೆಗೆ ಬರೋಕ್ಮುಂಚೆ ಕಿಕ್ಕೇರಿಗೆ ಓಗಿ, ತಿಮ್ಮರಾಜುಗೆ ಇದೇ ಪುಟ ತೋರ್ಸಿ, 'ನನ್ನೆಂಡ್ರು ಮಾಡೋದು, ವ್ಯವಹಾರ ಎಲ್ಲಾ ನಂದು' ಅಂತ ಯೋಳಿ ಪೂರ್ತಿ ಆರ್ಡರ್ ಮಾತಾಡ್ಕಂಡ್ ಬಂದ್ಬುಟ್ಟವ್ನೆ. ಇನ್ಮೇಕೆ ನಾನು ಒಲೆ ಮುಂದೆ ಕೂತ್ಕಂಡು ಮಾಡ್ಕೊಡ್ಬೇಕಂತೆ, ಅವ್ನು ತಕ್ಕಂಡೋಗಿ ಕೊಡ್ತನಂತೆ."

"ತಿಮ್ಮರಾಜುಗೆ ಫೋನ್ ಮಾಡಿ ನಿಜ ಹೇಳಬೇಕಿತ್ತು!"

"ಮಾಡ್ದೆ. 'ಗಂಡ ಎಂಡ್ತಿ ಜಗಳದ ಮದ್ಯಕ್ಕೆ ನಾನ್ ಬರಕಿಲ್ಲ ಕಣಮ್ಮ. ನಿನ್ ಪುಟದಲ್ಲೇ ಅವ್ನೆಸ್ರು ಆಕ್ಕಂಡಿದ್ದೀಯಲ್ಲ' ಅಂದ. ನಾನ್ ಏನ್ ಯೋಳ್ಲಿ?"

ತಪ್ಪು ನನ್ನದೇ, ಅದರಲ್ಲಿ ಎರಡು ಮಾತಿಲ್ಲ. ಅವಳ ಎದುರಿಗೇ ಕೂತು ಥೀಮಿನ ಫೈಲು ತೆರೆದೆ. ಕೋಂ ಖಾನೆ ತುಂಬಿದ್ದರೆ ಮಾತ್ರ ಸಾಲು ಬರಲಿ, ಖಾಲಿ ಇದ್ದರೆ ಆ ಸಾಲೇ ಬೇಡ ಎಂದು ತಿದ್ದಿದೆ. ಅವಳ ಫೈಲಿನಿಂದ ಅಶೋಕನ ಹೆಸರು ಅಳಿಸಿದೆ. ಹತ್ತು ನಿಮಿಷದ ಕೆಲಸ. ಹೊಸ ಪುಟ ತೋರಿಸಿದೆ. ಹೆಸರು, ಅದರ ಕೆಳಗೆ ನೇರ ದೇವಲಾಪುರ, ನಡುವೆ ಖಾಲಿ ಜಾಗ ಕೂಡ ಇರಲಿಲ್ಲ.

"ಇಲ್ಲೇನೋ ಇತ್ತು ಅಂತ ಗೊತ್ತಾಗಕಿಲ್ವಾ?" ಎಂದು ಕೇಳಿದಳು.

"ಸ್ವಲ್ಪವೂ ಇಲ್ಲ."

ಅವಳು ಸುಮ್ಮನಾಗಲಿಲ್ಲ. ಫೋನಿನಲ್ಲಿ ಬೇರೆಯವರ ಪುಟ ಒಂದೊಂದೇ ತೆರೆದಳು. "ಇವ್ರುದ್ರಲ್ಲಿ ಅದೆ. ಇವ್ರುದ್ರಲ್ಲೂ ಅದೆ. ಎಲ್ರುದ್ರಲ್ಲೂ ಅದೆ, ನನ್ದ್ರಲ್ಲಿ ಮಾತ್ರ ಇಲ್ಲ. ತಿಮ್ಮರಾಜು ನೋಡಿ ಏನಂದ್ಕತಾನೆ? ಜಗಳ ಆಡ್ಕಂಡು ಗಂಡನ ಎಸ್ರು ಕಿತ್ತಾಕವಳೆ ಅಂತಾನೆ. ಗಂಡ ಬುಟ್ಟೋಳು ಅಂತ ಬೋರ್ಡ್ ಬರ್ಸಿ ಬಾಗ್ಲಿಗೆ ನೇತಾಕ್ದಂಗೆ ಅಲ್ವಾ ಅಕ್ಕ ಇದು?"

"ಅದಕ್ಕೆ ನಾನೇನು ಮಾಡಲಿ?"

"ಎಲ್ರುದ್ದೂ ತೆಗೀರಿ."

ನನಗೆ ಪಿತ್ತ ನೆತ್ತಿಗೇರಿತು. ತಪ್ಪು ನನ್ನದಾದರೂ ಏರಿತು, ಏನು ಮಾಡಲಿ. "ನಿನ್ನೊಬ್ಬಳಿಗೋಸ್ಕರ ನಲವತ್ತೆರಡು ಜನದ್ದು ತೆಗೀಬೇಕಾ? ಅವರೆಲ್ಲ ಖುಷಿಯಾಗಿ ಕೊಟ್ಟಿರೋ ಹೆಸರು ಕಣೇ ಅದು!"

"ಖುಸಿಯಾಗಿ ಕೊಟ್ರಾ? ನೀವು ಕೇಳುದ್ರಿ, ಅವ್ರು ಕೊಟ್ರು. ಬೇಕಾ ಬ್ಯಾಡ್ವಾ ಅಂತ ಯಾರನ್ನಾದ್ರೂ ಕೇಳುದ್ರಾ?"

"ನನ್ನ ಪುಟದಲ್ಲೂ ಇದೆ! ನನ್ನ ಗಂಡ ಲೇಟ್ ಅಂತ ಇಲ್ಲದೆ ಇರೋದು ಈ ಪ್ರಪಂಚದಲ್ಲಿ ಅದೊಂದೇ ಕಡೆ. ಅದನ್ನೂ ತೆಗೀಬೇಕಾ ನಾನು?"

ಬಾಯಿಂದ ಬಂದುಬಿಟ್ಟಿತು. ಅನಿತ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿದ್ದ ಸಿಟ್ಟು ಇಳಿದುಹೋಯಿತು, ಅದನ್ನು ನೋಡಿ ನನಗೆ ಇನ್ನೂ ಸಂಕಟವಾಯಿತು. "ಆಗ್ದೆ ಇದ್ರೆ ಓಗ್ಲಿ ಬುಡಿ ಅಕ್ಕ. ನನ್ ಪುಟಾನೇ ತೆಗ್ದುಬುಡಿ" ಎಂದು ಮೆಲ್ಲಗೆ ಹೇಳಿ ದೇವಲಾಪುರದ ಬಸ್ಸಿಗೆ ಹೊರಟುಹೋದಳು.

ಅವತ್ತು ಸಾಯಂಕಾಲ ನನ್ನ ಪುಟ ತೆರೆದು ಕೂತೆ. ಜೀನತ್ ಕೋಂ ರಿಹಾನ್. ಬೇಕಾದರೆ ಒಂದು ಕಳ್ಳದಾರಿ ಇತ್ತು. ಒಕ್ಕೂಟದ ಥೀಮಿನಿಂದ ಆ ಸಾಲು ತೆಗೆದು, ಹಳೆಯ ಥೀಮಿನ ಒಂದು ನಕಲನ್ನು ನನ್ನ ಅಂಗಡಿಗೆ ಮಾತ್ರ ಇಟ್ಟುಕೊಳ್ಳಬಹುದಿತ್ತು. ಯಾರು ಕೇಳುತ್ತಿದ್ದರು? ಆದರೆ ನನ್ನ ಪುಟವೇ ಥೀಮಿನ ಮಾದರಿ ಪುಟ. ಪ್ರತಿ ಸದಸ್ಯೆಯ ಪುಟದ ಬುಡದಿಂದಲೂ ಅದಕ್ಕೆ ಲಿಂಕ್ ಇದೆ. ಶ್ರೀರಂಗಪಟ್ಟಣದವರು ನಾಳೆ ಅದನ್ನೇ ನೋಡಿಕೊಂಡು ತಮ್ಮದನ್ನು ತುಂಬುತ್ತಾರೆ. ಮಾದರಿಯಲ್ಲಿ ಕೋಂ ಇದ್ದರೆ ಅವರೂ ಒಬ್ಬೊಬ್ಬ ಹೆಂಗಸನ್ನೂ ಕೂರಿಸಿಕೊಂಡು ನಿನ್ನ ಗಂಡ ಯಾರು ಎಂದು ಕೇಳುತ್ತಾರೆ. ಅಲ್ಲೂ ಒಬ್ಬಳು ಅನಿತ ಇರದೆ ಇರುತ್ತಾಳೆಯೇ?

ಇರಲಿ, ಅವಳು ಹೇಳಿದ ಹಾಗೆ ಎಲ್ಲರನ್ನೂ ಒಂದು ಮಾತು ಕೇಳೇಬಿಡೋಣ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಬೇಕೇ ಬೇಕು ಎಂದು ಹತ್ತು ಜನವಾದರೂ ಪಟ್ಟು ಹಿಡಿಯಲಿ ಎನ್ನುವುದು ನನ್ನ ಆಸೆ. ಮೊದಲು ಪುಟ್ಟಲಕ್ಷ್ಮಮ್ಮನಿಗೇ ಫೋನ್ ಮಾಡಿದೆ. ಆಕೆಯಂತೂ ಬೇಡ ಎನ್ನಲಾರರು ಎಂಬ ಧೈರ್ಯ.

"ಅಮ್ಮ, ಪುಟದಲ್ಲಿ ನಿಮ್ಮ ಯಜಮಾನರ ಹೆಸರು ಇದೆಯಲ್ಲ, ಅದು ಇರಬೇಕಾ, ತೆಗೆಯಲಾ?"

"ಅದ್ಯಾಕಮ್ಮಿ ನನ್ನ ಕೇಳ್ತೀಯೆ? ಇರ್ಲೇಬೇಕು ಅಂತ ನೀನೇ ತಾನೆ ಅಂದಿದ್ದು?"

"ಸರ್ಕಾರದ್ದೇನೂ ಅಲ್ಲಮ್ಮ. ನಾನೇ ಹಾಕಿದ್ದು."

"ಅಯ್ಯೋ ಶಿವ್ನೆ! ಬ್ಯಾಂಕ್ನೋರ ಕಾನೂನೇನೋ ಅನ್ಕಂಡಿದ್ದೆ. ತೆಗ್ದಾಕಮ್ಮಿ ಅತ್ಲಾಗೆ. ಬೆಲ್ಲ ಕಾಯ್ಸೋದು ನಾನು, ಕುಟ್ಟೋದು ನಾನು, ಜರಡಿ ಇಡಿಯೋದು ನಾನು. ನಮ್ಮನೇರು ಅದ್ರ ಪಕ್ಕ ಕೂತ್ಕಂಡು ಬೀಡಿ ಸೇದ್ತಾರೆ. ಒಳ್ಳೇರೆ, ಇಲ್ಲ ಅನ್ನಕಿಲ್ಲ."

ಎರಡು ದಿನ ಹಿಡಿಯಿತು, ಎಲ್ಲರಿಗೂ ಮಾಡಿದೆ. ಇದ್ದರೂ ಸರಿ ಇಲ್ಲದಿದ್ದರೂ ಸರಿ ಎಂದವರೇ ಹೆಚ್ಚು. ಕೆಲವರು ನಕ್ಕರು. ಕೆ.ಆರ್. ಪೇಟೆ ಕಡೆಯ ಮಂಚಮ್ಮ ಎನ್ನುವ ಮಕ್ಕರಿಯವರು ದನಿ ತಗ್ಗಿಸಿ, "ತೆಗೀರವ್ವ. ಪುಣ್ಯ ಬತ್ತದೆ" ಎಂದರು. ಯಾಕೆಂದು ನಾನು ಕೇಳಲಿಲ್ಲ. ಅಷ್ಟು ಬುದ್ಧಿ ಬಂದಿತ್ತು. ಬೇಕೇ ಬೇಕು ಎಂದವರು ಒಬ್ಬರೂ ಇಲ್ಲ. ನಲವತ್ತಮೂರು ಹೆಂಗಸರ ಹೆಸರಿನ ಕೆಳಗೆ ನಾನು ಬರೆಸಿದ ಆ ಸಾಲು ಬೇಕಾಗಿದ್ದದ್ದು ನನಗೆ ಒಬ್ಬಳಿಗೇ. ನನ್ನ ದುಃಖವನ್ನು ಕಡ್ಡಾಯ ಮಾಡಿ ಅವರೆಲ್ಲರ ಕೈಯಲ್ಲೂ ತುಂಬಿಸಿದ್ದೆ. ತಿಳಿದಾಗ ನನಗೆ ನಾಚಿಕೆಯಾಯಿತು, ರಿಹಾನನ ಮೇಲೆ ಪ್ರೀತಿಯೂ ಉಕ್ಕಿಬಂತು. ಎರಡೂ ಒಟ್ಟಿಗೆ ಬಂದವು.

ಮರುದಿನ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಥೀಮಿನ ಫೈಲು ತೆಗೆದೆ. ಷರತ್ತು ಗಿರತ್ತು ಏನೂ ಬೇಡವೆಂದು ಆ ಸಾಲನ್ನೇ ಅಳಿಸಿದೆ. ಕಡ್ಡಾಯ ಎಂದು ಬರೆದಿದ್ದ ತಪಾಸಣೆಯನ್ನೂ ಅಳಿಸಿದೆ. ಆಮೇಲೆ ಕಮಾಂಡ್ ಕೊಡುವ ಮುಂಚೆ ಒಂದು ಸಲ ಎದ್ದು ಹೊರಗೆ ಹೋಗಿ ಟೀ ಕುಡಿದು ಬಂದೆ. ಬಂದು ಒತ್ತಿದೆ. ಎಲ್ಲ ಪುಟವೂ ಬದಲಾಯಿತು, ನನ್ನದೂ ಬದಲಾಯಿತು. ಜೀನತ್, ಅದರ ಕೆಳಗೆ ನಾಗಮಂಗಲ. ಅನಿತಳಿಗೆ "ಎಲ್ಲರದ್ದೂ ತೆಗೆದಿದ್ದೇನೆ, ಕಿಕ್ಕೇರಿಗೆ ನೀನೇ ಹೋಗಿ ತೋರಿಸು" ಎಂದು ಮೆಸೇಜ್ ಹಾಕಿ, ಥೀಮನ್ನು ಶ್ರೀರಂಗಪಟ್ಟಣಕ್ಕೂ ಕಳಿಸಿ ಕೆಲಸಕ್ಕೆ ಕೂತೆ.

ಮಧ್ಯಾಹ್ನ ಮೂರಕ್ಕೆ ಅವಳ ಫೋನ್ ಬಂತು. ಹಿಂದೆ ಬಸ್ಸಿನ ಹಾರ್ನು, ಕಂಡಕ್ಟರನ ಕೂಗು. ಕಿಕ್ಕೇರಿ ಬಸ್‌ಸ್ಟ್ಯಾಂಡಿನಿಂದ ಮಾಡಿದ್ದಳು.

"ಸಿಕ್ತು ಕಣಕ್ಕ! ಪೂರ್ತಿ ಆರ್ಡರು, ನನ್ ಕೈಗೇ! ಪುಟ ತೋರ್ಸುದ್ರೆ, 'ಇದೇನಮ್ಮ ಗಂಡನ ಎಸ್ರು ಎಲ್ಲೋಯ್ತು' ಅಂದ. 'ಯಾರುದ್ರಲ್ಲೂ ಇಲ್ಲ ಕಣಣ್ಣ, ನಮ್ ಒಕ್ಕೂಟದಲ್ಲಿ ಕೆಲ್ಸ ಮಾಡೋರ ಎಸ್ರು ಮಾತ್ರ ಆಕದು' ಅಂದೆ. ನಾಕಾರು ಪುಟ ಅವ್ನೇ ತೆಗ್ದು ತೆಗ್ದು ನೋಡ್ದ. ಕಜ್ಜಾಯ ಮಾಡ್ಕಂಡೋಗಿದ್ದೆ, ತಿಂದ. 'ಕೊಡೋದು ನಿನ್ ಕೈಗೆ, ತಕ್ಕಳೋದು ನಿನ್ ಕೈಯಿಂದ, ಮದ್ಯ ಯಾರೂ ಬ್ಯಾಡ' ಅಂದ. ಅಶೋಕಂಗೆ ನನ್ಮುಂದೇನೇ ಫೋನ್ ಮಾಡಿ ಬರ್ಬೇಡ ಅಂತ ಯೋಳ್ಬುಟ್ಟ ಅಕ್ಕ!"

"ಒಳ್ಳೇದಾಯಿತು ಕಣೇ. ಒಳ್ಳೇದಾಯಿತು" ಎಂದೆ.

ಆ ಕಡೆ ಬಸ್ಸು ಹೊರಟ ಸದ್ದು ಕೇಳಿಸಿತು.

"ತಿಮ್ಮರಾಜು ನೋಡ್ತಾ ನೋಡ್ತಾ ನಿಮ್ ಪುಟಾನೂ ತೆಗ್ದ ಅಕ್ಕ. ನಿಮ್ದ್ರಲ್ಲೂ ತೆಗ್ದುಬುಟ್ಟಿದ್ದೀರಾ?"

"ಹೂಂ."

"ನಿಮ್ಗೆ ಬೇಕಿತ್ತಲ್ವಾ ಅಕ್ಕ?"

ಅಂಗಡಿಯಲ್ಲಿ ಇಬ್ಬರು ಪಿಂಚಣಿ ಅರ್ಜಿ ಹಿಡಿದು ನಿಂತಿದ್ದರು. ಪರವಾಗಿಲ್ಲ ಬಿಡೇ, ಅದರಲ್ಲೇನಿದೆ ಎಂದು ಹೇಳಿ ಫೋನ್ ಇಡಬೇಕೆಂದುಕೊಂಡೆ.

"ಬೇಕಿತ್ತು ಕಣೇ ಅನಿತಾ, ತುಂಬಾ ಬೇಕಿತ್ತು" ಎಂದವಳೇ ಅವರಿಬ್ಬರ ಎದುರಿಗೇ ಅತ್ತುಬಿಟ್ಟೆ.